ಹೇಗೂ ಬಿಚ್ಚಿದ್ದೀವಲ್ಲ

ಹಳೇ ಕಾರಿನ ಸಹವಾಸ ಮಾಡಿದವರಿಗೆಲ್ಲ ಪರಿಚಯವಿರುವ ಒಂದು ಮಾತಿದೆ: ‘ಹೇಗೂ ಬಿಚ್ಚಿದ್ದೀವಲ್ಲ, ಇದನ್ನೂ ಮಾಡ್ಬಿಡೋಣ.’ ವಾಟರ್ ಪಂಪ್ ಸೋರ್ತಿದೆ ಅಂತ ಗ್ಯಾರೇಜಿಗೆ ಹೋಗಿರ್ತೀರಿ. ಪಂಪ್ ಬಿಚ್ಚಿದ ಮೇಲೆ ಟೈಮಿಂಗ್ ಚೈನಿನ ಕವರ್ ಕೈಗೆಟುಕುತ್ತೆ. ಇಲ್ಲಿತನಕ ಬಂದಿದ್ದೀವಲ್ಲ, ಚೈನನ್ನೂ ಬದಲಾಯಿಸೋಣ. ಚೈನ್ ಬದಲಾಯಿಸುವಾಗ ಹೆಡ್ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಎಣ್ಣೆ ಜಿನುಗಿರೋದು ಕಾಣುತ್ತೆ. ಹೆಡ್ ಎತ್ತಿದರೆ ವಾಲ್ವುಗಳು ಕಾಣುತ್ತವೆ. ವಾಲ್ವು ನೋಡಿದ ಮೇಲೆ ಸಿಲಿಂಡರಿನ ಗೋಡೆ ನೋಡದೆ ಇರೋಕಾಗಲ್ಲ. ವಾರ ಕಳೆಯುವಷ್ಟರಲ್ಲಿ ಇಂಜಿನ್ ಪೂರ್ತಿ ಕೆಳಗಿಳಿದು, ಅದರ ಭಾಗಗಳೆಲ್ಲ ಹಳೇ ಪೇಪರಿನ ಮೇಲೆ ಸಾಲಾಗಿ ಕೂತಿರುತ್ತವೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಇಂಜಿನ್ ಇಳಿಸಿ ನೋಡಿರಲಿಲ್ಲ, ಅಷ್ಟೇ.

ಆಫೀಸಿನಲ್ಲಿ ಇದಕ್ಕೆ ಸ್ಕೋಪ್ ಕ್ರೀಪ್ ಅಂತ ಹೆಸರಿಟ್ಟು, ಒಂದು ಮೀಟಿಂಗ್ ಕರೆದು, ತಡೆಯೋ ಹಾಗೆ ನಟಿಸ್ತೀವಿ. ಗ್ಯಾರೇಜಿನಲ್ಲಿ ನಟಿಸೋದೂ ಕಷ್ಟ, ಯಾಕೆಂದರೆ ಆ ಮಾತಿನಲ್ಲಿ ನಿಜವಿದೆ. ಇವತ್ತು ಬಿಟ್ಟ ಒಂದು ಸಣ್ಣ ಬೇರಿಂಗಿಗಾಗಿ ಮುಂದಿನ ವರ್ಷ ಮತ್ತೆ ಇಡೀ ಇಂಜಿನ್ ಇಳಿಸಬೇಕಾಗಿ ಬಂದರೆ ಬೇರಿಂಗಿನ ಬೆಲೆಗಿಂತ ಕೂಲಿಯೇ ಹತ್ತು ಪಟ್ಟಾಗುತ್ತೆ. ಹಾಗಾದರೆ ಎಲ್ಲಿ ನಿಲ್ಲಿಸೋದು? ‘ದುಡ್ಡು ಮುಗಿದಲ್ಲಿ’ ಅನ್ನೋದು ಬಹಳ ಜನರ ಪ್ರಾಮಾಣಿಕ ಉತ್ತರ. ನನಗೆ ಅದು ಸಾಲದು ಅನ್ನಿಸುತ್ತೆ. ದುಡ್ಡಿದ್ದವರೂ ಒಂದು ಕಡೆ ನಿಲ್ಲಬೇಕು. ದುಡ್ಡು ಕಮ್ಮಿ ಇರುವವರೂ ಒಂದು ಹಂತದ ತನಕ ಹೋಗಲೇಬೇಕು. ಆ ಎರಡು ಗೆರೆಗಳು ಎಲ್ಲಿವೆ, ಅವನ್ನ ಎಳೆಯೋರು ಯಾರು ಅನ್ನೋದು ಬರೀ ಮೆಕ್ಯಾನಿಕ್ ಪ್ರಶ್ನೆ ಅಲ್ಲ.

ನನ್ನ ಮುಂದೆ ಇದ್ದದ್ದು 1976ರ ಪ್ರೀಮಿಯರ್ ಪದ್ಮಿನಿ. ಸೋದರಮಾವನದು. ಅವರಿಗೆ ಓಡಿಸೋಕಾಗದ ಮೇಲೆ ನನ್ನ ಪಾಲಿಗೆ ಬಂತು. ಇಟಲಿಯ ಫಿಯೆಟ್ 1100ಡಿ ನಮ್ಮಲ್ಲಿ 1964ರಿಂದ ಡಿಲೈಟ್ ಅನ್ನೋ ಹೆಸರಲ್ಲಿ ಮುಂಬೈಯ ಕುರ್ಲಾದಲ್ಲಿ ತಯಾರಾಗ್ತಿತ್ತು. ಎಪ್ಪತ್ತರ ದಶಕದಲ್ಲಿ ಅದೇ ಕಾರು ಸ್ವಲ್ಪ ದಿನ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿ ಆಯ್ತು. ಇಂಜಿನ್ನಿಗೆ ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಟ್ಟು 1089 ಸಿಸಿ. ಶಕ್ತಿ ಸುಮಾರು 40 ಕುದುರೆ. ಇವತ್ತಿನ 650 ಸಿಸಿ ಎನ್‌ಫೀಲ್ಡ್ ಬೈಕಿಗೆ ಇದಕ್ಕಿಂತ ಹೆಚ್ಚು ಶಕ್ತಿ ಇದೆ. ಹಾಗಾಗಿ ಇದನ್ನ ಯಾರೂ ವೇಗಕ್ಕಾಗಿ ಇಟ್ಟುಕೊಳ್ಳಲ್ಲ.

ನೀಲಿ ಹೊಗೆ ಬರೋಕೆ ಶುರುವಾಗಿತ್ತು. ನೀಲಿ ಅಂದರೆ ಎಣ್ಣೆ ಸುಡ್ತಿದೆ ಅಂತ. ಇಂಜಿನ್ ಬಿಚ್ಚದೆ ಒಳಗಿನ ಕಥೆ ತಿಳಿಯೋಕೆ ಒಂದು ಹಳೇ, ಅಗ್ಗದ, ನನಗೆ ಬಹಳ ಇಷ್ಟವಾದ ಪರೀಕ್ಷೆ ಇದೆ. ಸ್ಪಾರ್ಕ್ ಪ್ಲಗ್ ತೆಗೆದು ಅದರ ಜಾಗದಲ್ಲಿ ಕಂಪ್ರೆಷನ್ ಗೇಜ್ ಒತ್ತಿ ಹಿಡಿದು ಸೆಲ್ಫ್ ಹೊಡೆಯೋದು. ಯಾವ ಸಿಲಿಂಡರಿನಲ್ಲಿ ಒತ್ತಡ ಕಮ್ಮಿ ಬರುತ್ತೋ ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡೋದು. ಒತ್ತಡ ಏರಿದರೆ ತೊಂದರೆ ಪಿಸ್ಟನ್ ರಿಂಗಿನದೋ ಸಿಲಿಂಡರ್ ಗೋಡೆಯದೋ, ಯಾಕೆಂದರೆ ಎಣ್ಣೆ ಆ ಸಂದನ್ನ ಕ್ಷಣಕಾಲ ಮುಚ್ಚುತ್ತೆ. ಏರದಿದ್ದರೆ ಹೆಚ್ಚಾಗಿ ವಾಲ್ವಿನದು. ನಮ್ಮದರಲ್ಲಿ ಮೂರು ಸಿಲಿಂಡರ್ ಹೆಚ್ಚುಕಮ್ಮಿ ಸಮ ಇದ್ದವು. ಮೂರನೇದು ಕುಸಿದಿತ್ತು, ಎಣ್ಣೆ ಬಿಟ್ಟರೆ ಏರ್ತಿತ್ತು. ಬಿಚ್ಚಿ ನೋಡಿದಾಗ ರಿಂಗೊಂದು ಮುರಿದು ಗೋಡೆಯ ಮೇಲೆ ಉದ್ದಕ್ಕೆ ಗೀರು ಎಳೆದಿತ್ತು. ಉಗುರಿಗೆ ಸಿಗುವಷ್ಟು ಆಳ.

ನಾಲ್ಕೂ ಪಿಸ್ಟನ್ನಿನ ತಲೆಯ ಮೇಲೆ ಕರಿ ಒರೆಸಿದಾಗ ಎರಡನೇ ಓವರ್‌ಸೈಜಿನ ಗುರುತು ಕಂಡಿತು. ಅಂದರೆ ಈ ಇಂಜಿನ್ ಈಗಾಗಲೇ ಎರಡು ಸಲ ಬೋರ್ ಆಗಿದೆ.

ಬೋರ್ ಮಾಡಿಸೋದು ಅಂದರೇನು ಅನ್ನೋದನ್ನ ಇಲ್ಲಿ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನ ಮಾತೆಲ್ಲ ಅದರ ಮೇಲೇ ನಿಂತಿದೆ. ಪಿಸ್ಟನ್ ಲಕ್ಷಾಂತರ ಸಲ ಮೇಲೆ ಕೆಳಗೆ ಓಡಾಡಿ ಸಿಲಿಂಡರಿನ ಗೋಡೆ ಸವೆಯುತ್ತೆ. ಸಮನಾಗಿ ಸವೆಯಲ್ಲ. ಮೇಲ್ಭಾಗ ಜಾಸ್ತಿ, ಕೆಳಭಾಗ ಕಮ್ಮಿ. ದುಂಡಗಿದ್ದದ್ದು ಮೊಟ್ಟೆಯಾಕಾರ ಆಗುತ್ತೆ. ಸವೆದುಹೋದ ಕಬ್ಬಿಣವನ್ನ ವಾಪಸ್ ಅಂಟಿಸೋಕಾಗಲ್ಲ. ಅದಕ್ಕೆ ಲೇತ್ ಅಂಗಡಿಯವರು ಉಳಿದ ಕಬ್ಬಿಣವನ್ನೂ ಕೆತ್ತಿ, ಇಡೀ ರಂಧ್ರವನ್ನ ಮತ್ತೆ ದುಂಡಗೆ ಮಾಡಿ, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಹಾಕ್ತಾರೆ. ಸವೆದದ್ದನ್ನ ಸರಿಮಾಡೋಕೆ ಇನ್ನಷ್ಟು ಸವೆಸಬೇಕು. ಸಾಮಾನ್ಯವಾಗಿ ಒಂದೊಂದು ಸಲ ಕಾಲು ಮಿಲಿಮೀಟರಿನ ಆಸುಪಾಸು ಹೋಗುತ್ತೆ. ಒಟ್ಟು ಒಂದು ಮಿಲಿಮೀಟರ್ ದಾಟುವ ಹೊತ್ತಿಗೆ ಸಿಲಿಂಡರಿಗೂ ಅದರ ಸುತ್ತ ಹರಿಯುವ ನೀರಿಗೂ ನಡುವಿನ ಗೋಡೆ ತೆಳ್ಳಗಾಗೋಕೆ ಶುರುವಾಗುತ್ತೆ. 68 ಮಿ.ಮೀ. ಬೋರ್ 69 ಆದಾಗ 1089 ಸಿಸಿ ಸುಮಾರು 1122 ಸಿಸಿ ಆಗಿರುತ್ತೆ. ಆರ್‌ಸಿ ಪುಸ್ತಕದಲ್ಲಿ ಮಾತ್ರ 1089 ಅಂತಲೇ ಇರುತ್ತೆ.

ಅಂದರೆ ಪ್ರತಿ ಇಂಜಿನ್ ಬ್ಲಾಕ್ ಕಾರ್ಖಾನೆಯಿಂದ ಹೊರಬೀಳುವಾಗಲೇ ತನ್ನೊಳಗೆ ಒಂದು ಠೇವಣಿ ಇಟ್ಟುಕೊಂಡಿರುತ್ತೆ. ಮೂರೋ ನಾಲ್ಕೋ ಸಲ ತೆಗೆಯಬಹುದು. ಬಡ್ಡಿ ಬರಲ್ಲ, ಮತ್ತೆ ಕಟ್ಟೋಕಾಗಲ್ಲ. ನಮ್ಮ ಪದ್ಮಿನಿಯ ಠೇವಣಿಯಲ್ಲಿ ಎರಡು ಸಲದ್ದು ಖರ್ಚಾಗಿದೆ. ಖರ್ಚು ಮಾಡಿದವರು ಕಾರನ್ನ ಓಡಿಸಿ ಬದುಕು ನಡೆಸಿದವರು, ಅವರ ಮೇಲೆ ನನ್ನದೇನೂ ದೂರಿಲ್ಲ. ಆದರೆ ಉಳಿದದ್ದು ನನ್ನೊಬ್ಬಳದಾ ಅನ್ನೋದು ಪ್ರಶ್ನೆ.

ನಮ್ಮ ಮೇಸ್ತ್ರಿ ಮೂರು ದಾರಿ ಮುಂದಿಟ್ಟರು. ಒಂದು, ನಾಲ್ಕೂ ಸಿಲಿಂಡರನ್ನ ಮೂರನೇ ಬೋರ್‌ಗೆ ಕೊಡೋದು, ಹೊಸ ಪಿಸ್ಟನ್ ಸೆಟ್, ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್. ಇದು ಫುಲ್ ಇಂಜಿನ್. ಎರಡು, ನಾಲ್ಕಕ್ಕೂ ಹೊಸ ಲೈನರ್ ಹೊಡೆಸಿ ಮತ್ತೆ ಸ್ಟ್ಯಾಂಡರ್ಡ್ ಸೈಜಿಗೆ, ಅಂದರೆ ಮೊದಲಿನ 68 ಮಿ.ಮೀ.ಗೆ ತರೋದು. ಮೂರು, ಗೀರು ಬಿದ್ದ ಒಂದಕ್ಕೆ ಮಾತ್ರ ಲೈನರ್ ಹಾಕಿ ಈಗಿರುವ ಸೈಜಿಗೇ ಬೋರ್ ಮಾಡಿ, ಉಳಿದ ಮೂರನ್ನ ಬರೀ ಹೋನಿಂಗ್ ಮಾಡಿ ಹೊಸ ರಿಂಗ್ ಹಾಕೋದು.

‘ಮೂರನೇದು ಜಿಪುಣರ ದಾರಿ ಮೇಡಂ’ ಅಂದರು. ‘ಹೇಗೂ ಬಿಚ್ಚಿದ್ದೀವಿ. ಫುಲ್ ಮಾಡ್ಸಿಬಿಡಿ, ಹದಿನೈದು ವರ್ಷ ಈ ಕಡೆ ತಿರುಗಿ ನೋಡೋ ಹಾಗಿಲ್ಲ.’

‘ಹದಿನೈದು ವರ್ಷ ಆದ್ಮೇಲೆ ಮೇಸ್ತ್ರಿ?’

‘ಆಗ ನಾನೆಲ್ಲಿರ್ತೀನೋ, ನೀವೆಲ್ಲಿರ್ತೀರೋ!’ ಅಂತ ನಕ್ಕರು.

ಅವರ ನಗುವಿನಲ್ಲಿ ತಪ್ಪೇನಿಲ್ಲ. ಆದರೆ ಪ್ರಶ್ನೆ ಸರಿಯಾಗಿ ಅಲ್ಲೇ ಇದೆ. ಆಗ ಇರೋರು ಯಾರೋ, ಅವರಿಗೂ ಈ ಬ್ಲಾಕಿನಲ್ಲಿ ಒಂದು ಪಾಲಿದೆಯಾ?

*

ಇಂಥ ಚರ್ಚೆ ಶುರುವಾದ ಕೂಡಲೇ ಯಾರಾದರೂ ಥೀಸಿಯಸ್‌ನ ಹಡಗನ್ನ ಎಳೆದು ತರ್ತಾರೆ. ಪ್ಲುಟಾರ್ಕ್ ಹೇಳಿದ ಕಥೆ: ಅಥೆನ್ಸಿನವರು ಹಡಗಿನ ಕೊಳೆತ ಹಲಗೆಗಳನ್ನ ಒಂದೊಂದಾಗಿ ಬದಲಾಯಿಸ್ತಾ ಬಂದರು, ಕೊನೆಗೆ ಅದು ಅದೇ ಹಡಗಾ, ಬೇರೆಯದಾ? ನಮ್ಮ ಕಡೆಯದೇ ಬೇಕಿದ್ದರೆ ಮಿಲಿಂದ ಪನ್ಹ ಇದೆ. ರಥದಲ್ಲಿ ಬಂದಿಳಿದ ಮಿಲಿಂದ ರಾಜನನ್ನ ಭಿಕ್ಷು ನಾಗಸೇನ ಕೇಳ್ತಾನೆ, ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ ಅಂತ. ಯಾವುದೂ ಅಲ್ಲ. ಎಲ್ಲ ಸೇರಿದಾಗ ನಾವಿಡುವ ಹೆಸರು ರಥ, ಅಷ್ಟೇ.

ಥೀಸಿಯಸ್‌ಗೆ ಆರ್‌ಟಿಒ ಇರಲಿಲ್ಲ, ಅದಕ್ಕೇ ಅಷ್ಟು ಶತಮಾನ ಜಗಳ ನಡೀತು. ನಮ್ಮಲ್ಲಿ ಎರಡು ನಂಬರ್ ಸಾಕು: ಚಾಸಿ ನಂಬರ್, ಇಂಜಿನ್ ನಂಬರ್. ಎರಡೂ ಆರ್‌ಸಿಗೆ ಹೊಂದಿದರೆ ಅದೇ ಕಾರು. ಇಂಜಿನ್ ನಂಬರ್ ಕೆತ್ತಿರೋದು ಬ್ಲಾಕಿನ ಮೇಲೆ, ಹಾಗಾಗಿ ಬ್ಲಾಕ್ ಉಳಿದರೆ ಒಳಗಿನ ಪಿಸ್ಟನ್, ರಿಂಗ್, ವಾಲ್ವು ಎಲ್ಲ ಬದಲಾದರೂ ಸರ್ಕಾರದ ಕಣ್ಣಲ್ಲಿ ಇಂಜಿನ್ ಅದೇ.

ಈಗ ಇದಕ್ಕೆ ಇನ್ನೂ ಒಂದು ಗಂಟು ಸೇರಿದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿ ಉಳಿದಿರಬೇಕು, ಚಾಸಿ, ಬಾಡಿ, ಇಂಜಿನ್ ಮಾರ್ಪಡಿಸುವಂಥ ಭಾರೀ ಬದಲಾವಣೆ ಆಗಿರಬಾರದು. ಅಂಥ ಗಾಡಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರ್ ಸಿಗುತ್ತೆ. ದಿನನಿತ್ಯ ಓಡಿಸೋಕೆ ಬಿಡಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಬಂಕ್, ಇಷ್ಟಕ್ಕೇ ಸೀಮಿತ. ಬೋರ್ ಮಾಡಿಸೋದು ಸಾಮಾನ್ಯ ರಿಪೇರಿ ಅಂತ ಯಾವ ಮೆಕ್ಯಾನಿಕ್ ಬೇಕಾದರೂ ಹೇಳ್ತಾನೆ. ಬೇರೆ ಕಾರಿನ ಇಂಜಿನ್ ತಂದು ಕೂರಿಸೋದು ರಿಪೇರಿ ಅಲ್ಲ, ಅದೂ ಸ್ಪಷ್ಟ. ಇವೆರಡರ ನಡುವೆ ದೊಡ್ಡ ಬಯಲಿದೆ. ಅಲ್ಲಿ ಕಾನೂನು ನಿಮ್ಮ ಕೈಹಿಡಿದು ನಡೆಸಲ್ಲ.

ಇಂಥದೇ ಬಯಲಿನಲ್ಲಿ ಒಮ್ಮೆ ಲಂಡನ್ನಿನ ನ್ಯಾಯಾಲಯ ನಡೆದುಹೋಗಿದೆ. 1929 ಮತ್ತು 1930ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ‘ಓಲ್ಡ್ ನಂಬರ್ ಒನ್’ ಅನ್ನೋ ಬೆಂಟ್ಲಿ ಕಾರನ್ನ ಒಬ್ಬರು ಮಾರಿದರು. ವ್ಯವಹಾರ ಒಂದು ಕೋಟಿ ಪೌಂಡಿನದು. ಕೊಂಡುಕೊಳ್ಳಬೇಕಿದ್ದ ಕಂಪನಿ ಹಿಂದೆ ಸರಿದು, ಇದು ಆ ಕಾರೇ ಅಲ್ಲ ಅಂದಿತು. ಅದಕ್ಕೆ ಆಧಾರವೂ ಇತ್ತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅದು ಅಪಘಾತವಾಗಿ ಓಡಿಸುತ್ತಿದ್ದವರೇ ತೀರಿಕೊಂಡಿದ್ದರು. ಅಷ್ಟರಲ್ಲಾಗಲೇ ಅದರ ಇಂಜಿನ್ ಬದಲಾಗಿ ದೊಡ್ಡ 8 ಲೀಟರಿನದು ಬಂದಿತ್ತು, ಆಮೇಲೆ ಬಾಡಿಯೂ ಬದಲಾಯಿತು. ಗೆದ್ದ ಕಾರಿನ ಲೋಹ ಉಳಿದದ್ದು ಬಹಳ ಕಮ್ಮಿ. 1990ರಲ್ಲಿ ನ್ಯಾಯಾಧೀಶ ಆಟನ್ ಮಾರಿದವರ ಪರ ತೀರ್ಪು ಕೊಟ್ಟರು. ಅವರ ವಾದದ ಸಾರ ಇಷ್ಟು: ಹೊಸ ಭಾಗಗಳು ಕಾಲಕಾಲಕ್ಕೆ, ನಿಧಾನವಾಗಿ, ಇದ್ದ ಕಾರಿನೊಳಗೇ ಸೇರಿಕೊಳ್ಳುತ್ತ ಬಂದವು, ಯಾವ ಘಟ್ಟದಲ್ಲೂ ಆ ಕಾರು ತನ್ನ ಗುರುತು ಕಳೆದುಕೊಂಡು ಬೇರೊಂದಾಗಲಿಲ್ಲ.

ನನಗೆ ಈ ತೀರ್ಪಿನಲ್ಲಿ ಇಷ್ಟವಾಗೋದು ಅದು ಕಬ್ಬಿಣವನ್ನ ತೂಕ ಹಾಕಲಿಲ್ಲ ಅನ್ನೋದು. ಎಷ್ಟು ಶೇಕಡಾ ಹಳೇದು ಉಳಿದಿದೆ ಅನ್ನೋದರ ಬದಲು ಬದಲಾವಣೆ ಹೇಗೆ ಬಂತು ಅಂತ ಕೇಳಿತು. ಓಡಾಡಿ ಸವೆದು ಬದಲಾದದ್ದು ಆ ಕಾರಿನ ಬದುಕು. ಒಂದೇ ಏಟಿಗೆ, ಆಸೆಗೆ ಬಿದ್ದು ಎಲ್ಲವನ್ನೂ ಬದಲಾಯಿಸಿದರೆ ಅದು ಬೇರೆ ಥರ. ‘ಹೇಗೂ ಬಿಚ್ಚಿದ್ದೀವಲ್ಲ’ ಅನ್ನೋ ಮಾತಿನ ಅಪಾಯ ಅಲ್ಲಿದೆ. ಸವೆಯದೇ ಇರೋದನ್ನೂ ಅದು ಸವೆದವರ ಪಟ್ಟಿಗೆ ಸೇರಿಸುತ್ತೆ.

ಆದರೂ ಗುರುತಿನ ಪ್ರಶ್ನೆ, ಇದು ಅದೇ ಕಾರಾ ಅಲ್ಲವಾ ಅನ್ನೋದು, ನನ್ನ ತಲೆನೋವನ್ನ ಬಗೆಹರಿಸಲ್ಲ. ನಾನು ಮೂರರಲ್ಲಿ ಯಾವ ದಾರಿ ಹಿಡಿದರೂ ಇದು ಮಾವನ ಪದ್ಮಿನಿಯೇ. ಆರ್‌ಟಿಒ ಒಪ್ಪುತ್ತೆ, ಆಟನ್ ಸಾಹೇಬರೂ ಒಪ್ತಾರೆ, ಮಾವನಂತೂ ಬಿಡಿ, ಪೇಂಟ್ ಬದಲಾಗದಿದ್ದರೆ ಸಾಕು ಅನ್ನೋರು. ನಾಗಸೇನನಿಗೆ ಮೊದಲೇ ಅದು ಬರೀ ಹೆಸರು. ಹಾಗಾಗಿ ಈ ಹಡಗು ರಥಗಳನ್ನೆಲ್ಲ ಪಕ್ಕಕ್ಕಿಟ್ಟು ನಾನು ಬೇರೆ ಪ್ರಶ್ನೆ ಕೇಳಿಕೊಳ್ಳಬೇಕಾಯಿತು: ನಾನು ಮಾಡುವ ಈ ಕೆಲಸವನ್ನ ಮುಂದೆ ಯಾರಾದರೂ ವಾಪಸ್ ತಿರುಗಿಸಬಹುದಾ?

ಈ ಪ್ರಶ್ನೆ ಕೇಳಿದರೆ ಇಂಜಿನ್ನಿನ ಕೆಲಸಗಳೆಲ್ಲ ತಾವಾಗಿಯೇ ಸಾಲುಗಟ್ಟಿ ನಿಲ್ಲುತ್ತವೆ. ತೊಳೆಯೋದು, ಕರಿ ತೆಗೆಯೋದು, ಗ್ಯಾಸ್ಕೆಟ್ ಬದಲಾಯಿಸೋದು, ಇವು ಯಾರ ಕೈಯನ್ನೂ ಕಟ್ಟಿಹಾಕಲ್ಲ. ಎಷ್ಟು ದೂರ ಬೇಕಾದರೂ ಹೋಗಿ. ಬೋಲ್ಟ್ ಹಾಕಿ ಕೂರಿಸುವ ಭಾಗಗಳದು ಎರಡನೇ ಸಾಲು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದರೆ ಹಳೇದನ್ನ ಡಬ್ಬಿಯಲ್ಲಿಡಿ, ಬೇಕಾದವರು ಮತ್ತೆ ಹಾಕಿಕೊಳ್ತಾರೆ. ಮೂರನೇ ಸಾಲು ಲೋಹ ಕೆತ್ತುವ ಕೆಲಸಗಳದು: ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಸ್ಕಿಮ್ಮಿಂಗ್. ಇಲ್ಲಿ ಹೋದದ್ದು ಹೋಯ್ತು. ಈ ಸಾಲಿನಲ್ಲಿ ‘ಹೇಗೂ ಬಿಚ್ಚಿದ್ದೀವಲ್ಲ’ ಅನ್ನೋದು ಕಾರಣವೇ ಅಲ್ಲ. ಅಳತೆ ಮಾತ್ರ ಕಾರಣ. ಮೈಕ್ರೋಮೀಟರ್ ಹಿಡಿದಾಗ ಕ್ರ್ಯಾಂಕಿನ ಸವೆತ ಮಿತಿಯೊಳಗಿದ್ದರೆ, ‘ಫುಲ್ ಇಂಜಿನ್’ ಅನ್ನೋ ಪ್ಯಾಕೇಜಿನಲ್ಲಿ ಸೇರಿದೆ ಅನ್ನೋ ಒಂದೇ ಕಾರಣಕ್ಕೆ ಅದನ್ನ ಗ್ರೈಂಡ್ ಮಾಡಿಸೋದು ಯಾರದೋ ಹತ್ತು ವರ್ಷವನ್ನ ಸುಮ್ಮನೆ ಕೆತ್ತಿ ಎಸೆದ ಹಾಗೆ. ನಮ್ಮದು ಮಿತಿಯೊಳಗಿತ್ತು. ಮುಟ್ಟಲಿಲ್ಲ. ಬೇರಿಂಗ್ ಮಾತ್ರ ಅದೇ ಸೈಜಿನ ಹೊಸದು.

*

ಇಷ್ಟಕ್ಕೇ ನಿಲ್ಲಿಸಿದರೆ ಇದು ‘ಕಮ್ಮಿ ಮಾಡಿ, ಹಳೇದನ್ನ ಉಳಿಸಿ’ ಅನ್ನೋ ಸುಲಭದ ಉಪದೇಶ ಆಗಿಬಿಡುತ್ತೆ. ಅದಕ್ಕೆ ನಮ್ಮ ಮೇಸ್ತ್ರಿ ಹತ್ತಿರ ಒಳ್ಳೇ ಉತ್ತರ ಇದೆ, ಅದನ್ನೂ ಹೇಳಬೇಕು.

ಸವೆದ ಸಿಲಿಂಡರಿನ ಮೇಲಂಚಿನಲ್ಲಿ, ರಿಂಗ್ ತಲುಪದ ಜಾಗದಲ್ಲಿ, ಒಂದು ಸಣ್ಣ ದಿಣ್ಣೆ ಉಳಿದಿರುತ್ತೆ. ಅದನ್ನ ತೆಗೆಯದೆ ಹೊಸ ರಿಂಗ್ ಹಾಕಿದರೆ ಹೊಸ ರಿಂಗಿನ ಚೂಪು ಅಂಚು ಅಲ್ಲಿಗೆ ಬಡಿದು ಮುರಿಯಬಹುದು. ಮೊಟ್ಟೆಯಾಕಾರವಾದ ರಂಧ್ರದಲ್ಲಿ ದುಂಡನೆ ರಿಂಗ್ ಸರಿಯಾಗಿ ಕೂರಲ್ಲ, ಎಣ್ಣೆ ಸುಡ್ತಾನೇ ಇರುತ್ತೆ. ಆ ಹೊಗೆ ಕುಡಿಯೋರು ಯಾರು? ಸಿಗ್ನಲ್ಲಿನಲ್ಲಿ ನನ್ನ ಹಿಂದೆ ನಿಂತ ಆಟೋದವರು, ಸ್ಕೂಟಿಯ ಮೇಲೆ ಮಗುವನ್ನ ಕೂರಿಸಿಕೊಂಡು ಹೋಗೋರು. ನನ್ನ ಮಾವನ ನೆನಪಿಗೂ ಅವರ ಶ್ವಾಸಕೋಶಕ್ಕೂ ಏನು ಸಂಬಂಧ? ‘ಒರಿಜಿನಲ್’ ಅನ್ನೋ ಪದದ ಹಿಂದೆ ಬಚ್ಚಿಟ್ಟುಕೊಂಡ ಸೋಮಾರಿತನವೂ ಇದೆ, ಜಿಪುಣತನವೂ ಇದೆ. ಮೊದಲಲ್ಲಿ ಎರಡು ಗೆರೆ ಅಂದೆನಲ್ಲ, ಕೆಳಗಿನ ಗೆರೆ ಇದು: ಬೇರೆಯವರಿಗೆ ತಟ್ಟುವ ವಿಷಯದಲ್ಲಿ ಅರ್ಧಕ್ಕೆ ನಿಲ್ಲೋ ಹಾಗಿಲ್ಲ.

ಹೊಗೆ, ಬ್ರೇಕು, ಪೆಟ್ರೋಲ್ ಪೈಪು, ಈ ಮೂರಕ್ಕೂ ಇದೇ ನಿಯಮ. ಈಗ ಬಂಕಿನಲ್ಲಿ ಸಿಗೋದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಅದಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಪ್ಪತ್ತರ ದಶಕದ ರಬ್ಬರಿಗೆ ಎಥನಾಲ್ ಆಗಿಬರಲ್ಲ. ಪೈಪು ಮೆತ್ತಗಾಗಿ, ಬಿರಿದು, ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕೋಕೆ ಶುರುವಾದರೆ ಅದು ಪರಂಪರೆ ಅಲ್ಲ, ಬೆಂಕಿ ಆಕಸ್ಮಿಕ. ಹಳೇ ಪೈಪನ್ನ ಉಳಿಸಿಕೊಂಡೆ ಅಂತ ಹೆಮ್ಮೆಪಡುವವರ ಕಾರಿನಲ್ಲಿ ನಾನು ಕೂರಲ್ಲ.

ಬಳಕೆಯೂ ಲೆಕ್ಕಕ್ಕೆ ಬರಬೇಕು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳನ್ನ ನೆನಪಿಸಿಕೊಳ್ಳಿ. ಕೊನೆಯ ಪದ್ಮಿನಿ ಟ್ಯಾಕ್ಸಿ ಅಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದಿದ್ದರಿಂದ 2023ರ ಅಕ್ಟೋಬರ್ 30ರಿಂದ ಅವು ಇಲ್ಲ. ಆ ಟ್ಯಾಕ್ಸಿಯವರು ಎಷ್ಟು ಸಲ ಬೋರ್ ಮಾಡಿಸಿದರೋ, ಯಾರ ಪಿಸ್ಟನ್ ಹಾಕಿದರೋ, ಸಿಎನ್‌ಜಿ ಸಿಲಿಂಡರನ್ನ ಡಿಕ್ಕಿಯಲ್ಲಿ ಹೇಗೆ ತುರುಕಿದರೋ, ಯಾರಾದರೂ ಅವರ ಮುಂದೆ ಒರಿಜಿನಾಲಿಟಿ ಮಾತಾಡಿದ್ದರೆ ನಗ್ತಿದ್ದರು. ಆ ಇಂಜಿನ್ನಿನಿಂದ ಅವರ ಮನೆಯಲ್ಲಿ ಒಲೆ ಉರೀಬೇಕಿತ್ತು. ಠೇವಣಿ ಇರೋದೇ ಅಂಥವರು ತೆಗೆಯಲಿ ಅಂತ. ಇನ್ನೊಂದು ತುದಿಯಲ್ಲಿ ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಹತ್ತಿರದ ಪಯಣದಂಥ ಮ್ಯೂಸಿಯಂಗಳಿವೆ. ಅಲ್ಲಿ ಕಾರು ನಿಂತಿರೋದೇ ನೋಡೋಕೆ. ನಾಳೆಯೇ ಮೈಸೂರಿಗೆ ಹೊರಡಬೇಕು ಅನ್ನೋ ಆತುರ ಅದಕ್ಕಿಲ್ಲ.

ನನ್ನಂಥವರು ನಡುವೆ ಇದ್ದೇವೆ. ಕಾರು ನಮಗೆ ಅನ್ನ ಕೊಡಬೇಕಿಲ್ಲ, ಮ್ಯೂಸಿಯಮ್ಮಿನ ಹಗ್ಗದ ಹಿಂದೆಯೂ ನಿಂತಿಲ್ಲ. ತಿಂಗಳಿಗೆ ಎರಡು ಭಾನುವಾರ, ಹೆಚ್ಚೆಂದರೆ ನೂರು ಕಿಲೋಮೀಟರ್. ಇಷ್ಟು ಓಡಿಸೋಕೆ ಹದಿನೈದು ವರ್ಷ ಬಾಳುವ ಫುಲ್ ಇಂಜಿನ್ ಯಾಕೆ? ಪ್ರಾಮಾಣಿಕವಾಗಿ ನೋಡಿದರೆ ಅದು ಕಾರಿಗಲ್ಲ, ನನಗೆ ಬೇಕಿರೋದು. ‘ಜೀರೋದಿಂದ ಮಾಡಿಸಿದೆ’ ಅಂತ ಹೇಳಿಕೊಳ್ಳೋ ಸುಖ ಅದು. ಬಾನೆಟ್ ಎತ್ತಿ ತೋರಿಸೋ ಸುಖ. ಅದು ಕೆಟ್ಟದ್ದು ಅಂತ ಹೇಳ್ತಿಲ್ಲ, ಎಲ್ಲರಿಗೂ ಒಂದಿಷ್ಟು ಇರುತ್ತೆ. ಆದರೆ ಆ ಸುಖಕ್ಕೆ ಇನ್ಯಾರದೋ ಪಾಲಿನ ಕಬ್ಬಿಣ ಬೆಲೆಯಾಗ್ತಿದೆ ಅನ್ನೋದು ಗೊತ್ತಿರಬೇಕು.

*

ಇಷ್ಟು ದೂರ ಬಂದಮೇಲೆ ಮೊದಲನೇ ದಾರಿ ಬಿಟ್ಟುಹೋಯಿತು. ಆದರೆ ಎರಡನೇದು, ನಾಲ್ಕಕ್ಕೂ ಲೈನರ್ ಹಾಕೋದು, ನನ್ನನ್ನ ನಿಜಕ್ಕೂ ಕಾಡಿತು. ಯಾಕೆ ಅಂದರೆ ಅದು ನನ್ನ ವಾದವನ್ನೇ ತಿರುಗಿಸಿ ನನ್ನ ಮುಂದಿಡುತ್ತೆ.

ಲೈನರ್ ಅಂದರೆ ಒಂದು ಕಬ್ಬಿಣದ ಕೊಳವೆ. ಅದನ್ನ ಕೂರಿಸೋಕೆ ಬ್ಲಾಕಿನ ರಂಧ್ರವನ್ನ ಬೋರಿಂಗಿಗಿಂತ ಎಷ್ಟೋ ಜಾಸ್ತಿ ಕೆತ್ತಬೇಕು. ಹಳೇ ಲೋಹ ಅತಿ ಹೆಚ್ಚು ಹೋಗೋದು ಈ ದಾರಿಯಲ್ಲೇ. ಕುರ್ಲಾದವರು ಮಾಡಿದ್ದ ಸಿಲಿಂಡರ್ ಗೋಡೆ ಪೂರ್ತಿ ಮಾಯ. ಆದರೆ ಅದಾದ ಮೇಲೆ ಇಂಜಿನ್ ಮತ್ತೆ 68 ಮಿ.ಮೀ.ಗೆ ಬರುತ್ತೆ. ಮುಂದಿನವರು ಮತ್ತೆ ಮೂರು ನಾಲ್ಕು ಸಲ ಬೋರ್ ಮಾಡಿಸಬಹುದು, ಆಮೇಲೆ ಆ ಲೈನರನ್ನೇ ಕಿತ್ತು ಹೊಸದು ಹಾಕಬಹುದು. ಅಂದರೆ ಮುಂದಿನವರ ಹಕ್ಕನ್ನ ಕಾಪಾಡಬೇಕು ಅನ್ನೋದೇ ನನ್ನ ಉದ್ದೇಶವಾಗಿದ್ದರೆ, ಹಳೇದನ್ನ ಅತಿ ಹೆಚ್ಚು ನಾಶ ಮಾಡುವ ದಾರಿಯೇ ಅವರಿಗೆ ಅತಿ ಹೆಚ್ಚು ಕೊಡುವ ದಾರಿ! ವಸ್ತುವನ್ನ ಉಳಿಸೋದು, ಆಯ್ಕೆಯನ್ನ ಉಳಿಸೋದು ಒಂದೇ ಅಂತ ನಾವು ಸಾಮಾನ್ಯವಾಗಿ ಅಂದುಕೊಂಡಿರ್ತೀವಿ. ಇಲ್ಲಿ ಅವು ಬೇರೆಬೇರೆ ದಿಕ್ಕಿಗೆ ಎಳೀತವೆ.

ಸುಮಾರು ದಿನ ಈ ಗೊಂದಲ ಹೊತ್ತುಕೊಂಡು ಓಡಾಡಿದೆ. ಕೊನೆಗೆ ನನಗೆ ಹೊಳೆದದ್ದು ಇಷ್ಟೇ: ಮುಂದಿನವರಿಗೆ ಲೈನರ್ ಹಾಕಿಸೋ ದಾರಿ ಹೇಗೂ ತೆರೆದೇ ಇದೆ. ಇವತ್ತು ನಾನು ಹಾಕಿಸದಿದ್ದರೆ ಅವರು ನಾಳೆ ಹಾಕಿಸಬಹುದು. ನಾನು ಇವತ್ತೇ ಹಾಕಿಸಿಬಿಟ್ಟರೆ ಹಳೇ ಗೋಡೆಯನ್ನ ಇಟ್ಟುಕೊಳ್ಳೋ ಆಯ್ಕೆ ಅವರಿಗೆ ಇರಲ್ಲ. ಕೊನೆಯ ಔಷಧಿಯನ್ನ ಕೊನೆಗೆ ಕೊಡೋದು ಜಿಪುಣತನ ಅಲ್ಲ. ಗೀರು ಬಿದ್ದ ಮೂರನೇ ಸಿಲಿಂಡರಿಗೆ ಬೇರೆ ದಾರಿ ಇರಲಿಲ್ಲ, ಅದಕ್ಕೆ ಲೈನರ್ ಬೇಕೇ ಬೇಕಿತ್ತು. ಉಳಿದ ಮೂರಕ್ಕೆ ಅಳತೆ ಅಷ್ಟು ಕೇಳಲಿಲ್ಲ. ಸವೆತ ಮಿತಿಯೊಳಗಿತ್ತು. ಅಂಚಿನ ದಿಣ್ಣೆ ತೆಗೆದು, ಹೋನಿಂಗ್ ಮಾಡಿ, ಹೊಸ ರಿಂಗ್ ಹಾಕಿದರೆ ಹೊಗೆ ನಿಲ್ಲಬೇಕು. ನಿಲ್ಲದಿದ್ದರೆ ಮತ್ತೆ ಬಿಚ್ಚಬೇಕು, ಆ ಖರ್ಚು ನನ್ನದು, ಮುಂದಿನವರದಲ್ಲ ಅಂತ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡೆ. ಕಮ್ಮಿ ಕೆಲಸ ಆರಿಸಿಕೊಂಡವರಿಗೆ ಈ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳೋಕಾಗಲ್ಲ.

ಮೂರನೇ ದಾರಿ ಹಿಡಿದೆ. ಮೇಸ್ತ್ರಿ ಒಪ್ಪಿದರು, ‘ಗ್ಯಾರಂಟಿ ಕೇಳ್ಬೇಡಿ’ ಅಂತ ಸೇರಿಸಿ.

ಎರಡನೇ ಓವರ್‌ಸೈಜಿನ ಪಿಸ್ಟನ್ ಹುಡುಕ್ತಾ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದೆವು. ಒಂದೇ ಕೊಡಲ್ಲ, ನಾಲ್ಕರ ಸೆಟ್ಟೇ ತಗೋಬೇಕು ಅಂದರು. ತಗೊಂಡೆವು. ನಾಲ್ಕರಲ್ಲಿ ಹಳೇ ಮೂರು ಪಿಸ್ಟನ್ನಿನ ತೂಕಕ್ಕೆ ಹತ್ತಿರವಾದ ಒಂದನ್ನ ಮೇಸ್ತ್ರಿ ಆರಿಸಿ, ಒಳಗಿಂದ ಚೂರೇ ಚೂರು ಉಜ್ಜಿ ಸರಿದೂಗಿಸಿದರು. ತೂಕ ಹೆಚ್ಚುಕಮ್ಮಿ ಆದರೆ ಇಂಜಿನ್ ನಡುಗುತ್ತೆ. ಉಳಿದ ಮೂರಕ್ಕೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ ಇಟ್ಟಿದ್ದೀನಿ.

ಒಂದು ನೋಟ್‌ಬುಕ್ಕೂ ಮಾಡಿದ್ದೀನಿ. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ ರೂಪಿಸಿದ ಟುರಿನ್ ಸನದು ಅಂತ ಒಂದಿದೆ. ಕಟ್ಟಡಗಳ ಜೀರ್ಣೋದ್ಧಾರಕ್ಕಾಗಿ 1964ರಲ್ಲಿ ಬಂದ ವೆನಿಸ್ ಸನದಿನ ಜಾಡಿನಲ್ಲೇ ಅದೂ ನಡೆಯೋದು. ವೆನಿಸ್ ಸನದಿನ ಒಂದು ಮಾತು ಗ್ಯಾರೇಜಿಗೂ ಚೆನ್ನಾಗಿ ಹೊಂದುತ್ತೆ: ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು. ಬ್ಲಾಕಿಗೆ ಮೊದಲು ಯಾವ ಬಣ್ಣ ಇತ್ತು ಅನ್ನೋದಕ್ಕೆ ನಮ್ಮಲ್ಲಿ ಯಾವ ಕುರುಹೂ ಉಳಿದಿರಲಿಲ್ಲ, ಹಾಗಾಗಿ ಬಣ್ಣ ಬಳಿಯಲಿಲ್ಲ. ಟುರಿನ್ ಸನದು ಮಾಡಿದ ಕೆಲಸವನ್ನೆಲ್ಲ ದಾಖಲಿಸಿ ಅನ್ನುತ್ತೆ. ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕೂ ಸಿಲಿಂಡರಿನ ಅಳತೆ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ. ಕ್ರ್ಯಾಂಕಿನ ಅಳತೆ. ಯಾವುದಕ್ಕೆ ಲೈನರ್ ಬಿತ್ತು, ಯಾಕೆ. ಯಾವುದನ್ನ ಮುಟ್ಟಲಿಲ್ಲ, ಯಾಕೆ. ಆ ಕೊನೆಯದೇ ಮುಖ್ಯ ಅಂತ ನನಗನ್ನಿಸುತ್ತೆ. ಮಾಡಿದ ಕೆಲಸ ಬಿಚ್ಚಿದವರ ಕಣ್ಣಿಗೆ ಬಿದ್ದೇ ಬೀಳುತ್ತೆ. ಬೇಕೆಂದೇ ಬಿಟ್ಟದ್ದು ಬರೆದಿಡದಿದ್ದರೆ ಮರೆತು ಬಿಟ್ಟದ್ದರ ಹಾಗೇ ಕಾಣುತ್ತೆ.

ನಾವು ಕೊಂಡದ್ದರ ಮೇಲೆ ನಮಗೆ ಪೂರ್ತಿ ಹಕ್ಕಿದೆ ಅನ್ನೋದು ನಮ್ಮ ತಲೆಮಾರಿನವರಿಗೆ ಸಹಜ ನಂಬಿಕೆ. ಎರಡು ವರ್ಷಕ್ಕೊಂದು ಫೋನ್ ಬದಲಾಯಿಸೋರಿಗೆ ಫೋನಿನ ಮುಂದಿನ ಮಾಲೀಕ ಅನ್ನೋ ಕಲ್ಪನೆಯೇ ಇಲ್ಲ. ನಮಗಿಂತ ಮೊದಲೂ ಇದ್ದು, ನಮ್ಮ ನಂತರವೂ ಇರಬಹುದಾದ ವಸ್ತು ಕೈಗೆ ಬಂದಾಗ ಹೇಗೆ ನಡೆದುಕೊಳ್ಳಬೇಕು ಅನ್ನೋದು ಅಭ್ಯಾಸ ತಪ್ಪಿಹೋಗಿದೆ. ಹಳೇ ಮನೆ, ಬಾವಿ, ತೋಟ, ಅಜ್ಜಿಯ ಒಡವೆ, ಎಲ್ಲದರಲ್ಲೂ ಇದೇ ಪ್ರಶ್ನೆ ಇದೆ. ಇಂಜಿನ್ನಿನಲ್ಲಿ ಅದು ಮಿಲಿಮೀಟರಿನಲ್ಲಿ ಅಳೆಯೋಕೆ ಸಿಗುತ್ತೆ ಅನ್ನೋದಷ್ಟೇ ವ್ಯತ್ಯಾಸ.

ಪದ್ಮಿನಿ ಈಗ ರನ್ನಿಂಗ್-ಇನ್‌ನಲ್ಲಿದೆ. ಎಳೆಯೋ ಹಾಗಿಲ್ಲ, ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ. ಹೊಗೆ ಇಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದೆಳೆ ಕಾಣುತ್ತೆ. ರಿಂಗ್ ಕೂರೋಕೆ ಸಮಯ ಬೇಕು ಅಂತಾರೆ ಮೇಸ್ತ್ರಿ. ಕೂರದಿದ್ದರೆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟ ಬರೀತೀನಿ. ಮೂರು ಪಿಸ್ಟನ್ ಅಟ್ಟದ ಮೇಲಿವೆ, ಡಬ್ಬಿಯ ಮೇಲೆ ಸೈಜು ಬರೆದಿದೆ. ಬ್ಲಾಕಿನಲ್ಲಿ ಇನ್ನೊಂದೆರಡು ಬೋರ್ ಬಾಕಿ ಇದೆ.